ನಾಯಿ ಜೊತೆ ಒಬ್ಬರೇ ವಿಶಾಖಪಟ್ಟಣಕ್ಕೆ: ಮೊದಲು ನಿಲ್ಲುವ ಜಾಗ ಗೊತ್ತುಮಾಡಿ

ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ರಸ್ತೆಯಲ್ಲಿ ಸಾವಿರ ಕಿಲೋಮೀಟರ್ ಚಿಲ್ಲರೆ. ನೌಕಾಪಡೆ, ಬಂದರು, ಉಕ್ಕಿನ ಕಾರ್ಖಾನೆ, ಬ್ಯಾಂಕು ಎಂದು ಅಲ್ಲಿಗೆ ವರ್ಗವಾಗಿ ಹೋಗುವ ಕನ್ನಡದವರು ಇದ್ದೇ ಇದ್ದಾರೆ. ಸಾಮಾನು ಲಾರಿಯಲ್ಲಿ ಹೋಗುತ್ತದೆ, ಮನೆಯವರು ವಿಮಾನದಲ್ಲೋ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲೋ ಹೋಗುತ್ತಾರೆ. ಕಾರು ಮತ್ತು ನಾಯಿ ಮಾತ್ರ ಒಬ್ಬರ ಪಾಲಿಗೆ ಉಳಿಯುತ್ತವೆ. ಅವರು ಹಾಕುವ ಲೆಕ್ಕ ಹೆಚ್ಚುಕಮ್ಮಿ ಒಂದೇ: ಬೆಳಗಿನ ಜಾವ ಮೂರಕ್ಕೆ ಬಿಟ್ಟರೆ ಸಂಜೆಗೆ ವಿಜಯವಾಡ, ಮಾರನೆಯ ಮಧ್ಯಾಹ್ನಕ್ಕೆ ಸಮುದ್ರ.

ಇದು ಇಬ್ಬರು ಮನುಷ್ಯರ ಲೆಕ್ಕ. ಒಬ್ಬರು ಶೌಚಾಲಯಕ್ಕೆ ಹೋದಾಗ ಇನ್ನೊಬ್ಬರು ಕಾರಿನಲ್ಲಿ ಇರುತ್ತಾರೆ ಎಂದುಕೊಂಡು ಹಾಕಿದ್ದು. ಒಬ್ಬರೇ ಹೊರಟರೆ ಅದು ಮುಳಬಾಗಿಲಿನ ಮೊದಲ ಕಾಫಿಗೇ ಕೈಕೊಡುತ್ತದೆ. ನೀವು ಇಳಿದು ಹೋದಾಗ ನಾಯಿ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಹೊರಡುವ ಮೊದಲೇ ಉತ್ತರ ಇಟ್ಟುಕೊಳ್ಳದವರು ದಾರಿಯಲ್ಲಿ ತಪ್ಪು ಉತ್ತರ ಹುಡುಕಿಕೊಳ್ಳುತ್ತಾರೆ. ಆ ತಪ್ಪು ಉತ್ತರದಿಂದ ನಾಯಿಗಳು ಸಾಯುತ್ತವೆ. ಹಾಗಾಗಿ ಈ ಲೇಖನದಲ್ಲಿ ರಸ್ತೆಗಿಂತ ನಿಲುಗಡೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವಾಗ ಹೊರಡಬೇಕು

ಡಿಸೆಂಬರ್, ಜನವರಿ, ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು ಮನುಷ್ಯರಿಗೇ ತಡೆಯುವಂಥದ್ದಲ್ಲ. ವರ್ಗಾವಣೆಯ ಆದೇಶ ಆಗಲೇ ಬಂದರೆ ನಾಯಿಯನ್ನು ನೆಂಟರ ಮನೆಯಲ್ಲಿ ಬಿಟ್ಟು, ಮಳೆ ಬಿದ್ದ ಮೇಲೆ ಕರೆದೊಯ್ಯುವುದೇ ಸರಿ. ಅಕ್ಟೋಬರ್, ನವೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಅಪ್ಪಳಿಸಿದ್ದು ವಿಶಾಖಪಟ್ಟಣಕ್ಕೇ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದ್ದನ್ನೂ ಮರೆಯುವ ಹಾಗಿಲ್ಲ. ಈ ತಿಂಗಳುಗಳಲ್ಲಿ ಹೋಗಲೇಬೇಕಿದ್ದರೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಂಡು, ಒಂದೆರಡು ದಿನ ಮುಂದೂಡುವಷ್ಟು ಬಿಡುವು ಇಟ್ಟುಕೊಳ್ಳಿ.

ಒಂದು ತಿಂಗಳು ಮೊದಲು

ಪಶುವೈದ್ಯರ ಬಳಿ ಹೋಗಿ ರೇಬೀಸ್ ಚುಚ್ಚುಮದ್ದು, ಉಳಿದ ವಾರ್ಷಿಕ ಚುಚ್ಚುಮದ್ದುಗಳ ದಿನಾಂಕ ನೋಡಿಸಿ. ಉಣ್ಣೆ ಹತ್ತದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಅಥವಾ ಬೆನ್ನಿಗೆ ಬಿಡುವ ಔಷಧ ಶುರುಮಾಡಿ. ಹೊರಡುವ ಕೆಲವೇ ದಿನ ಮೊದಲು ಆರೋಗ್ಯ ಪ್ರಮಾಣಪತ್ರ ಬರೆಸಿಕೊಳ್ಳಿ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಈ ಪತ್ರದ ಮಾತಿದೆ. ನಂಗಲಿಯ ಗಡಿ ದಾಟುವಾಗ ಯಾರೂ ಕೇಳದೇ ಇರಬಹುದು. ಹೋಟೆಲಿನವರು, ಗುರುತಿಲ್ಲದ ಊರಿನ ವೈದ್ಯರು ಕೇಳುತ್ತಾರೆ.

ಕಾರಿನಲ್ಲಿ ವಾಂತಿ ಮಾಡುವ ನಾಯಿಗೆ ಏನು ಕೊಡಬೇಕೆಂದು ಆಗಲೇ ಕೇಳಿ. ಮನುಷ್ಯರ ಮಾತ್ರೆ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷ. ಸುಮ್ಮನೆ ಮಲಗಿರಲಿ ಎಂದು ನಿದ್ದೆ ಮಾತ್ರೆ ಕೊಡುವವರನ್ನೂ ಕಂಡಿದ್ದೇನೆ. ಮಂಪರಿನಲ್ಲಿರುವ ನಾಯಿಗೆ ಮೈಯ ಶಾಖ ಇಳಿಸಿಕೊಳ್ಳಲು ಆಗುವುದಿಲ್ಲ, ತೊಂದರೆಯಾದರೆ ತೋರಿಸಲೂ ಆಗುವುದಿಲ್ಲ. ಪಗ್, ಬುಲ್‌ಡಾಗ್, ಶಿಟ್ಜು ಥರದ ಚಪ್ಪಟೆ ಮೂತಿಯ ತಳಿಗಳನ್ನು ಈ ದಾರಿಯಲ್ಲಿ ಒಬ್ಬರೇ ಕರೆದೊಯ್ಯಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ.

ಮುಧೋಳದ ನಾಯಿ ಸಾಕಿದವರಿಗೆ ಬೇರೆ ಎಚ್ಚರಿಕೆ. ಅದರ ತಲೆ ಸಪೂರ, ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಕೊರಳಪಟ್ಟಿಯಿಂದ ಹಿಂದಕ್ಕೆ ಜಗ್ಗಿಕೊಂಡು ಕ್ಷಣದಲ್ಲಿ ತಪ್ಪಿಸಿಕೊಳ್ಳುತ್ತದೆ, ಹೆದ್ದಾರಿಯ ಆಚೆ ಮೊಲ ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ಎದೆಗೆ ಹಾಕುವ ಹಾರ್ನೆಸ್, ಎಳೆದಾಗ ಬಿಗಿಯಾಗುವ ಪಟ್ಟಿ, ಎರಡನ್ನೂ ಹಾಕಿ.

ಎಲ್ಲ ನಾಯಿಗೂ ಕೊರಳಲ್ಲಿ ಫೋನ್ ನಂಬರ್ ಇರುವ ಬಿಲ್ಲೆ ಬೇಕು. ನಿಮ್ಮ ನಂಬರ್ ಒಂದೇ ಸಾಲದು. ಒಬ್ಬರೇ ಹೋಗುವಾಗ ಅಪಘಾತವಾಗಿ ನೀವು ಆಸ್ಪತ್ರೆ ಸೇರಿದರೆ ಆ ಫೋನ್ ಎತ್ತುವವರು ಯಾರು? ಮನೆಯಲ್ಲಿರುವ ಇನ್ನೊಬ್ಬರ ನಂಬರನ್ನೂ ಕೆತ್ತಿಸಿ. ಜೊತೆಗೆ ಡ್ಯಾಶ್‌ಬೋರ್ಡಿನ ಮೇಲೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿ ಅಂಟಿಸಿ: ಕಾರಿನಲ್ಲಿ ನಾಯಿ ಇದೆ, ಅದರ ಹೆಸರು ಇದು, ಚುಚ್ಚುಮದ್ದು ಆಗಿದೆ, ಈ ನಂಬರಿಗೆ ಫೋನ್ ಮಾಡಿ. ಇಷ್ಟು ಮಾಡಿದವರು ಬಹಳ ಕಡಿಮೆ.

ಮೂರು ದಿನದ ಹಂಚಿಕೆ

ಮೊದಲ ದಿನ ನೆಲ್ಲೂರು, ಎರಡನೆಯ ದಿನ ವಿಜಯವಾಡ, ಮೂರನೆಯ ದಿನ ವಿಶಾಖಪಟ್ಟಣ. ಬೆಂಗಳೂರಿನಿಂದ ನೆಲ್ಲೂರಿಗೆ ಸುಮಾರು 385 ಕಿ.ಮೀ.: ಕೋಲಾರ, ಮುಳಬಾಗಿಲು, ಪಲಮನೇರು, ಚಿತ್ತೂರು, ತಿರುಪತಿ, ನಾಯುಡುಪೇಟೆ. ಪಲಮನೇರಿನ ಆಸುಪಾಸು ಕೌಂಡಿನ್ಯ ಅಭಯಾರಣ್ಯದ ಆನೆಗಳ ಓಡಾಟ ಇದೆ, ಮುಂದೆ ಮೊಗಿಲಿ ಘಾಟಿಯ ಇಳಿಜಾರು ಬೇರೆ. ಇವನ್ನು ಬೆಳಕು ಹರಿದ ಮೇಲೆ ದಾಟುವಂತೆ ಹೊರಡಿ. ನಾಯಿ ಮೂತ್ರ ಮಾಡಲಿ ಎಂದು ಅಲ್ಲಿ ರಸ್ತೆ ಬದಿ ನಿಲ್ಲಿಸಬೇಡಿ. ನಾಯುಡುಪೇಟೆಯಿಂದ ಚೆನ್ನೈ–ಕೋಲ್ಕತ್ತ ಹೆದ್ದಾರಿ 16 ಸಿಗುತ್ತದೆ, ಕೊನೆಯವರೆಗೂ ಅದೇ. ನೆಲ್ಲೂರಿನಿಂದ ಒಂಗೋಲು, ಗುಂಟೂರು ದಾಟಿ ವಿಜಯವಾಡಕ್ಕೆ ಸುಮಾರು 280. ಈ ದಿನವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದು. ಬೆಳಗ್ಗೆ ಐದಕ್ಕೆ ಬಿಟ್ಟರೆ ಬಿಸಿಲು ಬಲಿಯುವ ಮೊದಲು ಕೃಷ್ಣಾ ನದಿ ದಾಟಿರುತ್ತೀರಿ. ಕೊನೆಯ ದಿನ ಏಲೂರು, ಗೋದಾವರಿ, ತುನಿ, ಅನಕಾಪಲ್ಲಿ, ಒಟ್ಟು 350.

ದಾರಿಯಲ್ಲಿ ತಿರುಪತಿ ಇದೆ, ದರ್ಶನ ಮುಗಿಸಿಕೊಂಡು ಹೋಗೋಣ ಎಂದುಕೊಳ್ಳುವವರಿಗೆ ಒಂದು ಮಾತು. ಬೆಟ್ಟ ಹತ್ತಬೇಡಿ. ವಿಜಯವಾಡದ ಕನಕದುರ್ಗಮ್ಮ, ವಿಶಾಖಪಟ್ಟಣದ ಸಿಂಹಾಚಲಕ್ಕೂ ಇದೇ ಮಾತು. ಸರದಿಯಲ್ಲಿ ಎಷ್ಟು ಹೊತ್ತಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಅಷ್ಟು ಹೊತ್ತು ನಾಯಿ ಎಲ್ಲಿರಬೇಕು? ದೇವರ ಪ್ರವಾಸ ಬೇರೆ ಸಲ ಇಟ್ಟುಕೊಳ್ಳಿ.

ತಿರುಪತಿಯನ್ನು ಬೇರೊಂದು ಕಾರಣಕ್ಕೆ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿ 1955ರಿಂದ ಪಶುವೈದ್ಯ ಕಾಲೇಜಿದೆ. ವಿಜಯವಾಡದಿಂದ ಏಲೂರಿನ ಕಡೆ ಹೋಗುವಾಗ ವಿಮಾನ ನಿಲ್ದಾಣ ಇರುವ ಗನ್ನವರಂನಲ್ಲಿ ಎನ್‌ಟಿಆರ್ ಪಶುವೈದ್ಯ ಕಾಲೇಜು ಸಿಗುತ್ತದೆ. ಇವುಗಳ ನಡುವಿನ ಊರುಗಳಲ್ಲಿ ಒಬ್ಬೊಬ್ಬ ಖಾಸಗಿ ನಾಯಿ ವೈದ್ಯರ ನಂಬರ್ ಮೊದಲೇ ಹುಡುಕಿ, ಕಾಗದದಲ್ಲಿ ಬರೆದಿಡಿ. ಹಳ್ಳಿಯ ಪಶು ಆಸ್ಪತ್ರೆ ಎಂದರೆ ದನ, ಎಮ್ಮೆಗೆ ಹೆಚ್ಚು ಒಗ್ಗಿದ ಜಾಗ.

‘ಐದೇ ನಿಮಿಷ’ ಎಂಬ ಅಪಾಯ

ಈಗ ಮುಖ್ಯ ವಿಷಯ. ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ಹೋಗಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ 40ರ ಹತ್ತಿರ ಹೋಗುತ್ತದೆ, ಅರ್ಧ ಗಂಟೆಯಲ್ಲಿ 50ರ ಹತ್ತಿರ. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದರಿಂದ ಆಗುವ ವ್ಯತ್ಯಾಸ ತೀರಾ ಕಡಿಮೆ. ನೆರಳಿನಲ್ಲಿ ನಿಲ್ಲಿಸಿದ್ದೇನೆ ಎನ್ನುತ್ತಾರೆ, ನೆರಳು ಸರಿಯುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಶಾಖ ಇಳಿಸಿಕೊಳ್ಳಬೇಕು. ಕಾರಿನೊಳಗಿನ ಗಾಳಿಯೇ ಕಾದಾಗ, ಅದರಲ್ಲೂ ಕರಾವಳಿಯ ತೇವದ ಗಾಳಿಯಲ್ಲಿ, ತೇಕಿಯೂ ಫಲವಿಲ್ಲ.

ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಬಾಗಿಲು ಮುಚ್ಚಿ ಹೋಗುವವರು ಇದನ್ನು ಜಾಣತನ ಎಂದುಕೊಂಡಿರುತ್ತಾರೆ. ಎಂಜಿನ್ ತಾನಾಗಿ ನಿಂತರೆ ನಿಮಗೆ ತಿಳಿಯುವುದಿಲ್ಲ. ನಾಯಿಯ ಕಾಲು ಲಾಕಿನ ಗುಂಡಿಯ ಮೇಲೆ ಬಿದ್ದರೆ ಕೀ ಒಳಗೆ, ನೀವು ಹೊರಗೆ. ಕಿಟಕಿಯ ಗುಂಡಿಯ ಮೇಲೆ ಬಿದ್ದರೆ ಇನ್ನೂ ಕೆಟ್ಟದ್ದು. ತಲೆ ಹೊರಹಾಕಿದ ನಾಯಿಯ ಕತ್ತಿಗೆ ಗಾಜು ಏರುತ್ತದೆ. ಚಾಲಕರ ಕಡೆಯಿಂದ ಕಿಟಕಿಗಳನ್ನು ಬಂಧಿಸುವ ಗುಂಡಿಯನ್ನು ಹೊರಡುವಾಗಲೇ ಒತ್ತಿಡಿ. ಕೆಲವು ವಿದ್ಯುತ್ ಕಾರುಗಳಲ್ಲಿ ಸಾಕುಪ್ರಾಣಿಗೆಂದೇ ಎಸಿ ಓಡಿಸುವ ವ್ಯವಸ್ಥೆ ಇರುತ್ತದೆ. ಅದನ್ನೂ ಕಾರು ಕಣ್ಣಿಗೆ ಕಾಣುವಷ್ಟು ಹತ್ತಿರದಿಂದ ಮಾತ್ರ ನಂಬಿ.

ಹಾಗಾದರೆ ಶೌಚಾಲಯಕ್ಕೆ? ನಾಯಿಯನ್ನು ಜೊತೆಗೇ ಕರೆದೊಯ್ಯಿರಿ. ದೊಡ್ಡ ಪೆಟ್ರೋಲ್ ಬಂಕ್‌ಗಳಲ್ಲಿ ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವಂಥ ಶೌಚಾಲಯ ಇರುತ್ತದೆ. ಅಲ್ಲಿನ ಹುಡುಗರಿಗೆ ತೆಲುಗಿನಲ್ಲಿ ‘ಕರವದು’ ಎಂದರೆ ಸಾಕು, ಕಚ್ಚುವುದಿಲ್ಲ ಎಂದು ಅರ್ಥವಾಗುತ್ತದೆ. ‘ಕುಕ್ಕನಿ ಲೋಪಲಿಕಿ ತೀಸುಕುರಾವಚ್ಚಾ’ (ನಾಯಿಯನ್ನು ಒಳಗೆ ಕರೆತರಬಹುದೇ) ಎಂದು ನಯವಾಗಿ ಕೇಳಿದಾಗ ಬೇಡವೆಂದವರು ಕಡಿಮೆ. ಬೇಡವೆಂದರೆ ಮುಂದಿನ ಬಂಕ್. ಇಂಧನ ಹಾಕಿಸುವಾಗಲೇ ಈ ಕೆಲಸವನ್ನೂ ಮುಗಿಸಿದರೆ ನಿಲುಗಡೆ ಉಳಿಯುತ್ತದೆ.

ಊಟ ಮನೆಯಿಂದ. ಮೊದಲ ದಿನಕ್ಕೆ ಚಪಾತಿ, ಪುಳಿಯೋಗರೆ ಕಟ್ಟಿಕೊಳ್ಳಿ. ಮುಂದಿನ ದಿನಗಳಿಗೆ ತಂಗಿದ ಹೋಟೆಲಿನಿಂದ ಇಡ್ಲಿ ಪಾರ್ಸೆಲ್. ಹೊರಗೆ ಮರದಡಿ ಮಂಚ ಹಾಕಿರುವ ಢಾಬಾಗಳಲ್ಲಿ ಮೂಲೆ ಹಿಡಿದು ನಾಯಿ ಜೊತೆ ಕೂರಬಹುದು, ಟೀ ಕಾರಿನ ಬಳಿಗೇ ತಂದುಕೊಡುತ್ತಾರೆ. ಕಂಬಕ್ಕೆ ಕಟ್ಟಿ ಒಳಗೆ ಹೋಗಬೇಡಿ. ಪ್ರತಿ ಢಾಬಾದಲ್ಲೂ ಅಲ್ಲಿನದೇ ನಾಯಿಗಳಿರುತ್ತವೆ, ಕಟ್ಟಿಹಾಕಿದ ನಾಯಿಗೆ ಓಡಲೂ ಆಗುವುದಿಲ್ಲ. ಬಾಗಿಲು ತೆರೆಯುವ ಮೊದಲು ಸುತ್ತ ಕಣ್ಣು ಹಾಯಿಸಿ. ಮೊದಲು ಹಗ್ಗ ಕೈಗೆ, ಆಮೇಲೆ ಬಾಗಿಲು. ಈ ಕ್ರಮ ಒಂದು ಸಲವೂ ತಪ್ಪಬಾರದು.

ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿ. ನೀರು ಮನೆಯದ್ದೇ ಇರಲಿ, 20 ಕೆ.ಜಿ. ನಾಯಿಗೆ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಬೇಕು, ಬಿಸಿಲಲ್ಲಿ ಇನ್ನೂ ಹೆಚ್ಚು. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸ್ವಲ್ಪ ಊಟ, ದೊಡ್ಡ ಊಟ ರಾತ್ರಿ ತಂಗಿದ ಮೇಲೆ. ಉಪ್ಪಿಲ್ಲದ ಮೊಸರನ್ನ ಆದೀತು. ಬಿರಿಯಾನಿ ಬೇಡ, ಈರುಳ್ಳಿಯೂ ಬೆಂದ ಮೂಳೆಯೂ ಅಪಾಯ.

ನಾಯಿ ಬಿಡದೆ ತೇಕುತ್ತಿದ್ದರೆ, ಜೊಲ್ಲು ಅಂಟಂಟಾದರೆ, ವಸಡು ಕಡುಗೆಂಪಾದರೆ, ಹೆಜ್ಜೆ ತಪ್ಪಿದರೆ ಅದು ಶಾಖದ ಹೊಡೆತ. ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ, 41 ದಾಟಿದರೆ ಜೀವಕ್ಕೆ ಕುತ್ತು. ಒಬ್ಬರೇ ಇರುವಾಗ ಗಾಬರಿಯಲ್ಲಿ ನೇರ ಆಸ್ಪತ್ರೆಗೆ ಓಡಿಸಬೇಕೆನಿಸುತ್ತದೆ. ಮೊದಲು ತಣಿಸಿ. ನೆರಳಿಗೆ ತಂದು ಇರುವ ನೀರನ್ನೆಲ್ಲ ಮೈಮೇಲೆ ಸುರಿಯಿರಿ, ಗಾಳಿ ಬೀಸಿ. ಆಮೇಲೆ ಎಸಿ ಪೂರ್ತಿ ಹಾಕಿ, ಒದ್ದೆ ಬಟ್ಟೆಯ ಮೇಲೆ ಮಲಗಿಸಿಕೊಂಡು ಹೊರಡಿ. ಒದ್ದೆ ಟವೆಲನ್ನು ಮೈಗೆ ಹೊದಿಸಬೇಡಿ, ಶಾಖ ಒಳಗೇ ಉಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡದ ತೊಂದರೆ ಆಮೇಲೆ ಹೊರಬರುತ್ತದೆ.

ಓಡುವ ಕಾರಿನಲ್ಲಿ ನಾಯಿಯ ಜಾಗ ಹಿಂದಿನ ಸೀಟು, ಹಾರ್ನೆಸ್ಸಿಗೆ ಬೆಲ್ಟ್ ಸಿಕ್ಕಿಸಿ. ಮುಂದಿನ ಸೀಟಿನಲ್ಲಿ ಕೂರಿಸಿದರೆ ಏರ್‌ಬ್ಯಾಗೇ ಕೊಲ್ಲಬಹುದು. ಕಾರು ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033.

ರಾತ್ರಿ ತಂಗುವುದು

ಆ್ಯಪ್‌ನಲ್ಲಿ ‘ನಾಯಿಗೆ ಅವಕಾಶವಿದೆ’ ಎಂದಿದ್ದರೂ ಫೋನ್ ಮಾಡಿ ಮಾತಾಡಿ. ಎಷ್ಟು ದೊಡ್ಡ ನಾಯಿ ಎಂದು ತಿಳಿಸಿ, ನೆಲಮಹಡಿಯ ಕೋಣೆ ಕೇಳಿ, ಒಪ್ಪಿಗೆಯನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ನಿಲ್ಲಿಸಿ ಆಗುವುದಿಲ್ಲ ಎಂದ ಹೋಟೆಲುಗಳ ಅನುಭವ ನನಗಿದೆ. ಆಗ ಒಬ್ಬರೇ ಇರುವವರಿಗೆ ಕಾರೇ ಗತಿ. ಊಟ ಕೋಣೆಗೇ ತರಿಸಿ, ಹೊಸ ಜಾಗದಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬೇಡಿ.

ವಿಶಾಖಪಟ್ಟಣ ತಲುಪಿದ ಮೇಲೆ

ಅನಕಾಪಲ್ಲಿಯಲ್ಲಿ ದಾರಿ ಆರಿಸಿಕೊಳ್ಳಬೇಕು. ಬಂದರು, ಗಾಜುವಾಕ ಕಡೆ ಹೋಗುವವರು ಲಾರಿ, ಕಂಟೇನರ್‌ಗಳ ನಡುವೆ ತೆವಳಬೇಕಾಗುತ್ತದೆ. ಮಧುರವಾಡ, ಭೀಮಿಲಿ ಕಡೆಯವರು ಸಬ್ಬವರಂ ಮೇಲೆ ಆನಂದಪುರಂಗೆ ಹೋಗುವ ಆರು ಪಥದ ರಸ್ತೆ ಹಿಡಿಯಲಿ.

ಋಷಿಕೊಂಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನದಂಡದಲ್ಲಿ ನಾಯಿಗಳ ಪ್ರವೇಶಕ್ಕೆ ಬಿಗಿ ಕಟ್ಟುಪಾಡಿದೆ, ಅಲ್ಲಿಗೆ ಬೇಡ. ಬೇರೆ ಕಡೆ ಬೆಳಗಿನ ಜಾವ ಮಾತ್ರ, ಹಗ್ಗ ಬಿಚ್ಚದೆ. ಮರಳ ಮೇಲೆ ಕೈಯ ಹಿಂಭಾಗವನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಸಮುದ್ರದ ನೀರು ಕುಡಿಯಲು, ಬಲೆಯ ತುಂಡು, ಗಾಳದ ಕೊಕ್ಕೆ, ಸತ್ತ ಮೀನು ಬಾಯಿಗೆ ಹಾಕಲು ಬಿಡಬೇಡಿ. ಜಲಾಂತರ್ಗಾಮಿ ವಸ್ತುಸಂಗ್ರಹಾಲಯ, ಮೃಗಾಲಯ ಮನೆಯವರು ಬಂದ ಮೇಲೆ.

ಇದೇ ರಸ್ತೆಯಲ್ಲಿ ಕೋಲ್ಕತ್ತ, ಅಲ್ಲಿಂದ ಭೂತಾನ್ ಅಥವಾ ನೇಪಾಳ ಎಂದು ಯೋಚಿಸುವವರು ಪ್ರಾಣಿ ಕ್ವಾರಂಟೀನ್ ಕೇಂದ್ರದಿಂದ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಕೇಂದ್ರ ಬೆಂಗಳೂರಿನಲ್ಲೇ ಇದೆ. ನಾಯಿಯನ್ನು ಮರಳಿ ತರುವ ಕಾಗದವನ್ನೂ ಅಲ್ಲೇ ವಿಚಾರಿಸಿ.

ತಲುಪಿದ ರಾತ್ರಿ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ ತೆಗೆಯಿರಿ. ಉಣ್ಣೆ ರೋಗ ಹರಡುತ್ತದೆ, ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಯಾವ ದಾರಿಯಲ್ಲಿ ಬಂದಿರಿ ಎಂಬುದನ್ನೂ ವೈದ್ಯರಿಗೆ ಹೇಳಿ.