ಪಿಕಪ್ ಗಾಡಿಗೆ ಪಕ್ಕದ ಮೆಟ್ಟಿಲು: ಆಯ್ಕೆಯೂ ಜೋಡಣೆಯೂ

ಫಸಲನ್ನು ಮಾರುಕಟ್ಟೆಗೆ ಸಾಗಿಸುವುದಕ್ಕೂ, ಗೊಬ್ಬರ, ಬಿತ್ತನೆ ಬೀಜ, ಪಂಪು ಮುಂತಾದುವನ್ನು ಪೇಟೆಯಿಂದ ತರುವುದಕ್ಕೂ ಪಿಕಪ್ ಗಾಡಿಯು ಈಗ ಹಳ್ಳಿಗಳಲ್ಲಿ ಸರ್ವಸಾಧಾರಣವಾದ ಸಾಧನವಾಗಿದೆ. ಹೊರೆ ಹೊತ್ತು ಕೆಟ್ಟ ದಾರಿಯಲ್ಲಿ ನಡೆಯಬೇಕಾದುದರಿಂದ ಈ ಗಾಡಿಯ ತಳವನ್ನು ನೆಲದಿಂದ ಎತ್ತರವಾಗಿ ಕಟ್ಟಿರುತ್ತಾರೆ. ಪ್ರಾಯದ ಚಾಲಕನಿಗೆ ಇದೊಂದು ತೊಡಕಲ್ಲ. ಆದರೆ ವಯಸ್ಸಾದವರಿಗೂ, ಸೀರೆಯುಟ್ಟ ಹೆಂಗಸರಿಗೂ, ಮೊಣಕಾಲು ನೋವಿನವರಿಗೂ ಹತ್ತುವುದು ಪ್ರಯಾಸ, ಇಳಿಯುವುದು ಅಪಾಯ. ಗದ್ದೆಯ ಕೆಸರು ಮೆತ್ತಿದ ಕಾಲಿನಿಂದ ಇಳಿಯುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಮುದುಕರಾದವರು ಬಹುಕಾಲ ಹಾಸಿಗೆ ಹಿಡಿಯಬೇಕಾಗುವುದು. ಆದಕಾರಣ ಅಂಗಡಿಗಳಲ್ಲಿ ಸೈಡ್ ಸ್ಟೆಪ್ ಎಂಬ ಹೆಸರಿನಿಂದ ಮಾರುವ ಪಕ್ಕದ ಮೆಟ್ಟಿಲನ್ನು ಅನೇಕ ಜಮೀನುದಾರರು ಜೋಡಿಸಿಕೊಳ್ಳುತ್ತಿದ್ದಾರೆ.

ಈ ಏರ್ಪಾಡು ಹೊಸದಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಮೋಟಾರಿಗೂ ಎರಡು ಪಕ್ಕಗಳಲ್ಲಿ ಉದ್ದನೆಯ ಮೆಟ್ಟುಹಲಗೆ ಇದ್ದಿತು. ಕಾಲಕ್ರಮದಲ್ಲಿ ಮೋಟಾರುಗಳ ಮೈ ಅಗಲವಾಗಿ, ತಳವು ತಗ್ಗಿದಂತೆ ಅದು ಕಣ್ಮರೆಯಾಯಿತು. ತಳವು ಎತ್ತರವಾಗಿಯೇ ಉಳಿದ ಪಿಕಪ್ ಗಾಡಿಯಲ್ಲಿ ಮಾತ್ರ ಅದರ ಅಗತ್ಯವು ಉಳಿದುಕೊಂಡಿತು. ಸರಿಯಾಗಿ ಆರಿಸಿ ಜೋಡಿಸಿದ ಮೆಟ್ಟಿಲು ಉಪಕಾರಿ. ಅಂದಕ್ಕೆ ಮರುಳಾಗಿ ಕೊಂಡು, ಸಿಕ್ಕಿದಲ್ಲಿ ತೂತು ಕೊರೆದು ಕೂರಿಸಿದ ಮೆಟ್ಟಿಲು ಗಾಡಿಗೂ ಮನುಷ್ಯರಿಗೂ ಅಪಾಯಕಾರಿ.

ಎತ್ತರದ ನಿರ್ಣಯ

ಮೆಟ್ಟಿಲನ್ನು ಕೊಳ್ಳುವ ಮುನ್ನ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದಿಂದ ಕ್ಯಾಬಿನ್ನಿನ ತಳದವರೆಗಿನ ಎತ್ತರವನ್ನು ಅಳೆಯತಕ್ಕದ್ದು. ಮೆಟ್ಟಿಲು ಈ ಎತ್ತರದ ಮಧ್ಯಭಾಗದಲ್ಲಿ ಬರುವುದು ಉತ್ತಮ. ಉದಾಹರಣೆಗೆ, ತಳವು 28 ಅಂಗುಲ ಎತ್ತರದಲ್ಲಿದ್ದು ಮೆಟ್ಟಿಲನ್ನು 15 ಅಂಗುಲದಲ್ಲಿ ಇಟ್ಟರೆ, ಮೊದಲನೆಯ ಹೆಜ್ಜೆಗೆ 15 ಅಂಗುಲ, ಎರಡನೆಯದಕ್ಕೆ 13 ಅಂಗುಲ ಏರಿದರೆ ಸಾಕು.

ಮೆಟ್ಟಿಲು ತಗ್ಗಿದಷ್ಟೂ ಹತ್ತುವವರಿಗೆ ಸುಲಭ. ಆದರೆ ಅಷ್ಟೇ ಬೇಗ ಅದು ಬದುವಿಗೂ ಕಲ್ಲಿಗೂ ತಗಲುವುದು. ಮುಂದಿನ ಗಾಲಿ ಬದುವನ್ನು ದಾಟಿ, ಹಿಂದಿನ ಗಾಲಿ ಇನ್ನೂ ಈಚೆಗಿರುವಾಗ ಗಾಡಿಯ ನಡುಭಾಗವೇ ಬದುವಿನ ನೆತ್ತಿಗೆ ಸಮೀಪವಾಗಿರುವುದು. ಮೆಟ್ಟಿಲಿರುವುದೂ ಎರಡು ಗಾಲಿಗಳ ನಡುವೆಯೇ. ಬರಿಗಾಡಿಯನ್ನು ಅಳೆದು ಸಮಾಧಾನಪಡುವುದು ಸರಿಯಲ್ಲ. ಹೊರೆ ಹೇರಿದಾಗ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಗಿ, ಮೆಟ್ಟಿಲಿನ ಹಿಂತುದಿಯು ಮುಂತುದಿಗಿಂತ ಹೆಚ್ಚಾಗಿ ತಗ್ಗುತ್ತದೆ. ಆದುದರಿಂದ ವಾಡಿಕೆಯಾದ ಹೊರೆಯನ್ನು ಹೇರಿ ಇನ್ನೊಮ್ಮೆ ಅಳೆದು, ತೋಟಕ್ಕೆ ಹೋಗುವ ದಾರಿಯಲ್ಲಿನ ಅತ್ಯಂತ ಎತ್ತರವಾದ ಬದು, ಗಾಲಿಜಾಡುಗಳ ನಡುವಣ ಏಣು, ಇವುಗಳೊಡನೆ ಹೋಲಿಸಿ ನೋಡತಕ್ಕದ್ದು.

ಮೆಟ್ಟಿಲಿನ ಬಗೆಗಳು

ಪೇಟೆಯಲ್ಲಿ ದೊರೆಯುವ ಮೆಟ್ಟಿಲುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

(1) ಹಲಗೆಯಂತೆ ಚಪ್ಪಟೆಯಾದುದು. ಇದು ಸುಮಾರು 5ರಿಂದ 6 ಅಂಗುಲ ಅಗಲವಿದ್ದು, ಪಾದವನ್ನು ಚೆನ್ನಾಗಿ ಊರಲು ಅನುಕೂಲ. ಮುದುಕರೂ ಮಕ್ಕಳೂ ಇರುವ ಮನೆಗೆ ಇದೇ ಯೋಗ್ಯ. ಮೇಲ್ಮೈಯಲ್ಲಿ ಒರಟು ಗೀರುಗಳೋ ರಬ್ಬರಿನ ಪಟ್ಟಿಯೋ ಇರಬೇಕು. ಕೆಸರು ನಿಲ್ಲದೆ ಕೆಳಗೆ ಬೀಳುವಂತೆ ಸಂದುಗಳಿರುವುದು ಮತ್ತೂ ಮೇಲು.

(2) ದುಂಡು ಅಥವಾ ಅಂಡಾಕಾರದ ಕೊಳವೆ. ಇದು ಸಾಮಾನ್ಯವಾಗಿ 3 ಅಂಗುಲ ದಪ್ಪವಿರುತ್ತದೆ. ಬಾಗಿಲಿನ ನೇರಕ್ಕೆ ಮಾತ್ರ ಪಾದವಿಡುವ ಪಟ್ಟಿಯಿರುತ್ತದೆ. ನೋಟಕ್ಕೆ ಗಟ್ಟಿಯೆನಿಸಿದರೂ ದುಂಡಾದ ಮೈಯ ಮೇಲೆ ಒದ್ದೆ ಪಾದವು ಬೇಗ ಜಾರುತ್ತದೆ.

(3) ಪ್ರತಿಯೊಂದು ಬಾಗಿಲಿನ ಕೆಳಗೆ ಬೇರೆಬೇರೆಯಾಗಿ ತೂಗುವ ಮೆಟ್ಟಿಲು. ಇದು ಹತ್ತುವುದಕ್ಕೆ ಅತ್ಯಂತ ಸುಲಭ. ಆದರೆ ಎಲ್ಲಕ್ಕಿಂತ ತಗ್ಗಾಗಿರುವುದರಿಂದ ಡಾಂಬರು ರಸ್ತೆಯಲ್ಲಿಯೇ ಓಡಾಡುವ ಗಾಡಿಗೆ ಮಾತ್ರ ತಕ್ಕುದು.

ಬಾಗಿಲು ತೆರೆದಾಗ ವಿದ್ಯುತ್ತಿನಿಂದ ತಾನಾಗಿಯೇ ಹೊರಚಾಚುವ ಮೆಟ್ಟಿಲುಗಳೂ ಉಂಟು. ಕೆಸರೂ ದೂಳೂ ಅದರ ಕೀಲುಗಳಲ್ಲಿ ತುಂಬಿಕೊಳ್ಳುವ ಕಾರಣ ಬೇಸಾಯದ ಗಾಡಿಗೆ ಅದು ಹೊಂದುವುದಿಲ್ಲ. ನಾಲ್ಕು ಬಾಗಿಲಿನ ಗಾಡಿಯಾದರೆ ಹಿಂದಿನ ಬಾಗಿಲನ್ನೂ ಮುಟ್ಟುವಷ್ಟು ಉದ್ದವಿರಬೇಕು. ಯಾವ ಬಗೆಯದಾದರೂ ತುದಿಗಳು ಮುಚ್ಚಿರಬೇಕು. ಚೂಪಾದ ಅಂಚಿದ್ದರೆ ಸೀರೆಯ ನೆರಿಗೆಯಾಗಲಿ ಪಂಚೆಯಾಗಲಿ ಸಿಕ್ಕಿಕೊಂಡು ಇಳಿಯುವವರು ಮುಗ್ಗರಿಸುವರು.

ಬಲದ ಪರೀಕ್ಷೆ

ಹತ್ತುವವನ ತೂಕವಷ್ಟೇ ಲೆಕ್ಕಕ್ಕೆ ಬಂದರೆ ಸಾಲದು. 65 ಕಿಲೋ ತೂಕದ ಆಳು 45 ಕಿಲೋ ಯೂರಿಯಾ ಚೀಲವನ್ನು ಹೊತ್ತು ಮೆಟ್ಟಿಲಿನ ಮೇಲೆ ನಿಂತರೆ 110 ಕಿಲೋ ಆಯಿತು. ಧಡಕ್ಕನೆ ಕಾಲಿಟ್ಟರೆ ಆ ಕ್ಷಣದ ಒತ್ತಡವು ಇನ್ನೂ ಹೆಚ್ಚು. ಅಲ್ಲದೆ ಮೆಟ್ಟಿಲು ಹೊರಕ್ಕೆ ಚಾಚಿದಷ್ಟೂ ಅದನ್ನು ಹಿಡಿದಿರುವ ಬ್ರಾಕೆಟ್ಟುಗಳನ್ನು ಬಗ್ಗಿಸುವ ಶಕ್ತಿ ಹೆಚ್ಚುತ್ತದೆ. ಬುಡದಿಂದ 8 ಅಂಗುಲ ದೂರದಲ್ಲಿ ಪಾದವಿಟ್ಟಾಗಿನ ಭಾರಕ್ಕಿಂತ 12 ಅಂಗುಲ ದೂರದಲ್ಲಿ ಅದೇ ಪಾದವಿಟ್ಟಾಗ ಬುಡದ ಮೇಲಿನ ಭಾರ ಒಂದೂವರೆ ಪಟ್ಟಾಗುವುದು. ಆದಕಾರಣ ಅಗತ್ಯಕ್ಕಿಂತ ಹೊರಚಾಚಿದ ಮೆಟ್ಟಿಲನ್ನು ಬಿಟ್ಟುಬಿಡತಕ್ಕದ್ದು. ತಯಾರಕರು ಬರೆದು ಕೊಟ್ಟ ಭಾರದ ಮಿತಿಯನ್ನು ಕೇಳಿ ತಿಳಿಯಬೇಕು; ಆ ಬರೆಹವಿಲ್ಲದ ಸರಕನ್ನು ಕೊಳ್ಳದಿರುವುದೇ ಲೇಸು.

ಲೋಹದ ಆಯ್ಕೆ

ಸಾದಾ ಉಕ್ಕಿಗೆ ಪುಡಿಬಣ್ಣವನ್ನು ಬೇಯಿಸಿ ಹತ್ತಿಸಿದ ಮೆಟ್ಟಿಲು ಬಲವಾದುದೂ ಅಗ್ಗವಾದುದೂ ಹೌದು. ಆದರೆ ಕಲ್ಲು ಸಿಡಿದು ಬಣ್ಣ ಎದ್ದಲ್ಲಿ ತುಕ್ಕು ಹಿಡಿಯುತ್ತದೆ. ಕ್ರೋಮಿಯಮ್ ಲೇಪದ ಉಕ್ಕು ಹೊಳೆಯುವುದಾದರೂ ಲೇಪವು ಬಿರಿದ ಮೇಲೆ ಒಳಗಿಂದೊಳಗೇ ತುಕ್ಕು ಹರಡುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ 304 ಎಂಬ ದರ್ಜೆಯದು, ಅಂದರೆ ಸುಮಾರು 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್ ಬೆರೆತುದು, ಬಹುಕಾಲ ಬಾಳುತ್ತದೆ. ಅಲ್ಯೂಮಿನಿಯಮ್ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಕಲ್ಲಿಗೆ ಬಡಿದರೆ ಬೇಗ ನೆಗ್ಗುತ್ತದೆ.

ಬೇಸಾಯಗಾರರು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವು ಉಪ್ಪಿನಂತೆಯೇ ಕ್ಲೋರೈಡು. ಚೀಲದಿಂದ ಸೋರಿದ ಪುಡಿಯು ತೇವದೊಡನೆ ಸೇರಿ ಸಂದುಗಳಲ್ಲಿ ಕುಳಿತರೆ ಉಕ್ಕನ್ನು ತಿನ್ನುವುದಲ್ಲದೆ 304 ದರ್ಜೆಯ ಸ್ಟೇನ್‌ಲೆಸ್ಸಿನಲ್ಲಿಯೂ ಸಣ್ಣ ಕುಳಿಗಳನ್ನು ಎಬ್ಬಿಸುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲತಡಿಯಲ್ಲಿ ಗಾಳಿಯ ಉಪ್ಪೂ ಇದೇ ಕೆಲಸವನ್ನು ಮಾಡುತ್ತದೆ. ಅಲ್ಯೂಮಿನಿಯಮ್ಮನ್ನು ಉಕ್ಕಿನ ಬೋಲ್ಟಿನಿಂದ ನೇರವಾಗಿ ಬಿಗಿದಲ್ಲಿ ಉಪ್ಪಿನ ತೇವದ ದೆಸೆಯಿಂದ ಅಲ್ಯೂಮಿನಿಯಮ್ ಸವೆಯುವುದರಿಂದ, ನಡುವೆ ನೈಲಾನ್ ಅಥವಾ ರಬ್ಬರಿನ ವಾಷರುಗಳನ್ನು ಇಡತಕ್ಕದ್ದು.

ಜೋಡಿಸುವ ಕ್ರಮ

ಪಿಕಪ್ ಗಾಡಿಯಲ್ಲಿ ಚಾಸಿ ಬೇರೆ, ಕ್ಯಾಬಿನ್ ಬೇರೆ. ಕ್ಯಾಬಿನ್ನು ರಬ್ಬರಿನ ದಿಂಡುಗಳ ಮೇಲೆ ಕುಳಿತಿದ್ದು, ಗಾಡಿ ಹಳ್ಳದಿಣ್ಣೆಯಲ್ಲಿ ಹೋಗುವಾಗ ಎರಡೂ ಬೇರೆಬೇರೆಯಾಗಿ ಸ್ವಲ್ಪಸ್ವಲ್ಪ ಅಲುಗುತ್ತವೆ. ಆದುದರಿಂದ ಒಂದು ಬ್ರಾಕೆಟ್ಟನ್ನು ಚಾಸಿಗೂ ಇನ್ನೊಂದನ್ನು ಕ್ಯಾಬಿನ್ನಿಗೂ ಎಂದಿಗೂ ಬಿಗಿಯಕೂಡದು. ಹಾಗೆ ಬಿಗಿದರೆ ಮೆಟ್ಟಿಲು ತಿರುಚಿಕೊಂಡು ಬೋಲ್ಟುಗಳು ತುಂಡಾಗುವುವು, ಇಲ್ಲವೆ ತಗಡು ಸೀಳುವುದು. ಎಲ್ಲವೂ ಒಂದರ ಮೇಲೆಯೇ ಇರತಕ್ಕದ್ದು.

ಆಯಾ ಮಾದರಿಯ ಗಾಡಿಗೆಂದೇ ತಯಾರಾದ ಮೆಟ್ಟಿಲಿಗೆ, ಕಾರ್ಖಾನೆಯಲ್ಲಿಯೇ ಬಿಟ್ಟಿರುವ ತೂತುಗಳು ಸಾಕಾಗುತ್ತವೆ. ಚಾಸಿಗೆ ಹೊಸ ತೂತು ಕೊರೆಯುವುದು ತಪ್ಪು. ಹೊರೆ ಹೊತ್ತಾಗ ಚಾಸಿಯ ಮೇಲಂಚೂ ಕೆಳಅಂಚೂ ಅತ್ಯಂತ ಹೆಚ್ಚಿನ ಎಳೆತ ಒತ್ತಡಗಳನ್ನು ತಾಳುವುವಾದ ಕಾರಣ, ಅಲ್ಲಿನ ಒಂದು ತೂತಿನಿಂದಲೇ ಬಿರುಕು ಹುಟ್ಟಬಹುದು. ಬೆಸುಗೆಯೂ ಬೇಡ, ಅದರ ಕಾವಿನಿಂದ ಸುತ್ತಣ ಉಕ್ಕಿನ ಗುಣ ಕೆಡುವುದಲ್ಲದೆ, ಗಾಡಿಯ ಇಲೆಕ್ಟ್ರಾನಿಕ್ ಭಾಗಗಳೂ ಹಾಳಾಗಬಹುದು.

ಕೆಲಸವನ್ನು ಈ ಕ್ರಮದಲ್ಲಿ ನಡೆಸತಕ್ಕದ್ದು. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಬರಿಯ ಜ್ಯಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಸುಳಕೂಡದು. ಬ್ರಾಕೆಟ್ಟುಗಳಲ್ಲಿ ಎಡ, ಬಲ, ಮುಂದು, ಹಿಂದು ಎಂಬ ಭೇದವಿರುವುದರಿಂದ ಅವನ್ನು ನೆಲದ ಮೇಲೆ ಹರಡಿ ಗುರುತಿಸಿಕೊಳ್ಳಬೇಕು. ಡೀಸೆಲ್ ಕೊಳವೆ, ಬ್ರೇಕಿನ ಕೊಳವೆ, ತಂತಿಗಳು ಎಲ್ಲಿ ಹಾಯ್ದಿವೆಯೆಂದು ನೋಡಿ, ಬ್ರಾಕೆಟ್ಟು ಅವುಗಳನ್ನು ಒತ್ತದಂತೆಯೂ, ಹೊಗೆಕೊಳವೆಗೆ ತಗಲದಂತೆಯೂ, ಜ್ಯಾಕಿ ಕೊಡುವ ಜಾಗವನ್ನು ಮುಚ್ಚದಂತೆಯೂ ಇಡಬೇಕು. ತೂತುಗಳ ತುಕ್ಕನ್ನು ಉಜ್ಜಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಬೆರಳಿನಿಂದ ಸಡಿಲವಾಗಿ ತಿರುಗಿಸಿ, ಮೆಟ್ಟಿಲನ್ನು ಕೂರಿಸಿ, ಬಾಗಿಲಿನ ಕೆಳಅಂಚಿಗೆ ಸಮಾನಾಂತರವಾಗಿದೆಯೇ ಎಂದು ದಾರ ಹಿಡಿದು ನೋಡಿ, ಆಮೇಲೆಯೇ ಬಿಗಿಯಬೇಕು. ಒಂದೊಂದನ್ನೇ ಮೊದಲೇ ಬಿಗಿದರೆ ಕೊನೆಯ ತೂತು ಕೂಡಿಬರುವುದಿಲ್ಲ.

ಚಾಸಿಗೆ ಹಾಕುವ ಬೋಲ್ಟುಗಳ ತಲೆಯ ಮೇಲೆ 8.8 ಎಂಬ ಗುರುತಿರುವುದನ್ನು ನೋಡಿ ಕೊಳ್ಳತಕ್ಕದ್ದು. ತಯಾರಕರು ಕೊಟ್ಟ ಬಿಗುವಿನ ಅಳತೆಯೇ ಪ್ರಮಾಣ. ಸಾಮಾನ್ಯವಾಗಿ ಈ ದರ್ಜೆಯ 8 ಮಿಲಿಮೀಟರ್ ಬೋಲ್ಟಿಗೆ ಸುಮಾರು 25, 10 ಮಿಲಿಮೀಟರ್ ಬೋಲ್ಟಿಗೆ ಸುಮಾರು 50 ನ್ಯೂಟನ್ ಮೀಟರ್ ಬಿಗುವು ಸಾಕು. ಎಂದರೆ ಒಂದು ಗೇಣಿಗಿಂತ ತುಸು ಉದ್ದವಾದ, 25 ಸೆಂಟಿಮೀಟರ್ ಸ್ಪ್ಯಾನರಿನ ತುದಿಯನ್ನು ಕ್ರಮವಾಗಿ 10 ಮತ್ತು 20 ಕಿಲೋ ಭಾರದಷ್ಟು ಎಳೆದಂತಾಯಿತು. ಸ್ಪ್ಯಾನರಿಗೆ ಕೊಳವೆ ತೊಡಿಸಿ ಮೈಬಲವನ್ನೆಲ್ಲ ಹಾಕುವುದರಿಂದ ಬೋಲ್ಟಿನ ತಿರುಪು ಹರಿಯುವುದೇ ಹೊರತು ಲಾಭವಿಲ್ಲ.

ಪಾಲನೆ

ಜೋಡಿಸಿದ ಮೇಲೆ ಸುಮಾರು 500 ಕಿಲೋಮೀಟರ್ ಓಡಿದ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಗೊಬ್ಬರ ಸಾಗಿಸಿದ ದಿನ ಮೆಟ್ಟಿಲಿನ ಮೇಲ್ಭಾಗವನ್ನಲ್ಲದೆ ಅಡಿಭಾಗವನ್ನೂ ನೀರಿನಿಂದ ತೊಳೆಯಬೇಕು. ಕೊಳವೆಯ ಅಡಿಯಲ್ಲಿ ನೀರು ಬಸಿಯುವ ತೂತುಗಳಿದ್ದರೆ ಅವು ಮಣ್ಣಿನಿಂದ ಕಟ್ಟಿಕೊಳ್ಳದಂತೆ ನೋಡಬೇಕು. ಬಣ್ಣ ಎದ್ದಲ್ಲಿ ಮಳೆಗಾಲಕ್ಕೆ ಮುಂಚೆ ಉಜ್ಜಿ ಬಣ್ಣ ಹಚ್ಚುವುದು ಲೇಸು. ಸವೆದ ರಬ್ಬರಿನ ಪಟ್ಟಿಯನ್ನು ಕೂಡಲೆ ಬದಲಾಯಿಸಬೇಕು.

ಕಾನೂನೂ ಹೊಣೆಯೂ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಿಗದಿ ಮಾಡಿದುದಕ್ಕೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯವು, ಗಾಡಿಯ ಮುಂದೆ ಕಟ್ಟುವ ಉಕ್ಕಿನ ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಆದ್ದರಿಂದ ಗಾಡಿಯ ತಯಾರಕರೇ ಒಪ್ಪಿ ಮಾರುವ ಮೆಟ್ಟಿಲನ್ನು ಆರಿಸುವುದೂ, ಅದು ಗಾಡಿಯ ಮೈಯಿಂದಾಚೆಗೆ ಚಾಚದಂತೆ ನೋಡುವುದೂ, ಸಂದೇಹವಿದ್ದಲ್ಲಿ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದೂ ಯುಕ್ತ.

ಎಲ್ಲಕ್ಕೂ ಮಿಗಿಲಾದ ಸಂಗತಿಯು ಇನ್ನೊಂದುಂಟು. ಸದರಿ ಕಾಯಿದೆಯ 123ನೆಯ ಪ್ರಕರಣವು, ಓಡುವ ಗಾಡಿಯ ಮೆಟ್ಟುಹಲಗೆಯ ಮೇಲೆ ಯಾರನ್ನೂ ಕರೆದೊಯ್ಯುವುದನ್ನು ನಿಷೇಧಿಸಿದೆ. ಕೊಯ್ಲಿನ ದಿನಗಳಲ್ಲಿ ಆಳುಗಳು ಹೆಚ್ಚಾಗಿ, ಹೊತ್ತು ಮುಳುಗುತ್ತಿರುವಾಗ, ಹೊಸ ಮೆಟ್ಟಿಲಿನ ಮೇಲೆ ಇಬ್ಬರು ನಿಂತು ಬಾಗಿಲನ್ನು ಹಿಡಿದುಕೊಂಡು ಬರುವುದು ಸುಲಭವೆಂದು ತೋರಬಹುದು. ಗಾಲಿ ಒಂದು ಗುಂಡಿಗೆ ಇಳಿದರೆ ಅಂಥವರು ಬೀಳುವುದು ಹಿಂದಿನ ಗಾಲಿಯ ಮುಂದೆಯೇ. ಸರಕಿನ ಗಾಡಿಯಲ್ಲಿ ಉಚಿತವಾಗಿ ಹತ್ತಿಸಿಕೊಂಡ ಪ್ರಯಾಣಿಕರ ಬಗ್ಗೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ ತೀರ್ಮಾನಿಸಿರುವುದರಿಂದ, ಪರಿಹಾರದ ಭಾರವು ಒಡೆಯನ ಮೇಲೆಯೇ ಬೀಳಬಹುದು. ಹೋದ ಜೀವವಂತೂ ಯಾವ ಪರಿಹಾರದಿಂದಲೂ ಮರಳುವುದಿಲ್ಲ.

ಆದುದರಿಂದ ಮೆಟ್ಟಿಲನ್ನು ಜೋಡಿಸಿದ ದಿನವೇ ಚಾಲಕನಿಗೂ ಆಳುಗಳಿಗೂ ಇದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು: ಮೆಟ್ಟಿಲು ಹತ್ತಿ ಇಳಿಯುವುದಕ್ಕೆ, ನಿಂತು ಸಾಗುವುದಕ್ಕಲ್ಲ. ಕೊಯ್ಲಿಗೆ ಮುಂಚೆಯೇ ಗ್ರಾಮದ ಮುಖಂಡರು ಜಮೀನುದಾರರನ್ನು ಕೂಡಿಸಿ, ಆಳುಗಳನ್ನು ಕರೆತರುವುದಕ್ಕೆ ಜನರನ್ನು ಸಾಗಿಸಲು ಪರವಾನಗಿಯುಳ್ಳ ಗಾಡಿಯನ್ನು ಪಾಲುಖರ್ಚಿನಲ್ಲಿ ಗೊತ್ತುಮಾಡಿದರೆ, ಒಬ್ಬೊಬ್ಬರಿಗೆ ಬೀಳುವ ವೆಚ್ಚವೂ ಕಡಿಮೆಯಾಗುವುದು. ಸಂಜೆ ಪಿಕಪ್ ಗಾಡಿಯು ಫಸಲನ್ನು ಮಾತ್ರ ಹೊತ್ತು ಬರುವುದು.