ಒಣಮೀನು ಘಟಕಕ್ಕೆ ಸಹಾಯಧನ: ಸಾಲಕ್ಕೆ ಮುನ್ನ ತಿಳಿಯಬೇಕಾದ ಲೆಕ್ಕ

ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿಯಲ್ಲಿ ಬೇಸಾಯ ಮತ್ತು ಮೀನುಗಾರಿಕೆ ಎರಡನ್ನೂ ನಂಬಿದ ಮನೆಗಳು ಅನೇಕ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಿಗೆಂದು ಬಂಗಡೆ, ತಾರ್ಲೆ, ಸಿಗಡಿಗಳನ್ನು ಬೇಸಿಗೆಯಲ್ಲಿಯೇ ಒಣಗಿಸಿಡುವುದು ವಾಡಿಕೆ. ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾದ ನಂತರ ಅರ್ಗಾ ಸುತ್ತಿನ ಕುಟುಂಬಗಳು ಹೊಲದ ಜೊತೆಗೆ ಕಡಲದಂಡೆಯನ್ನೂ ಬಿಡಬೇಕಾಯಿತು. ಕಡಿಮೆ ಜಾಗದಲ್ಲಿ ಹೆಚ್ಚು ಬೆಲೆಯ ಮಾಲು ತಯಾರಿಸುವುದು ಇಂಥವರಿಗೆ ಅಗತ್ಯ.

ಒಣಗಿಸುವ ಕ್ರಮ

ಮರಳಿನ ಮೇಲೆ ಹರಡಿದ ಮೀನಿಗೆ ಮಣ್ಣು, ನೊಣಗಳ ಕಾಟ, ಬೆಲೆಯೂ ಕಡಿಮೆ. ಮೀನನ್ನು ಸೀಳಿ, ಕರುಳು ತೆಗೆದು, ಶುದ್ಧ ನೀರಿನಲ್ಲಿ ತೊಳೆಯಿರಿ. ಮೂರರಿಂದ ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಹಚ್ಚಿ ರಾತ್ರಿಯಿಡೀ ಇಡಿರಿ. ನೀರು ಬಸಿದ ಮೇಲೆ ನೆಲದಿಂದ ಎತ್ತರದ ಅಟ್ಟಣೆಯಲ್ಲಿ, ಬಲೆಯ ಮರೆಯಲ್ಲಿ ಒಣಗಿಸಿರಿ. ಸೌರ ಒಣಗಿಸುವ ಸಾಧನವಿದ್ದರೆ ಮತ್ತೂ ಉತ್ತಮ. ಮಾಲು ತಣ್ಣಗಾದ ಬಳಿಕವೇ ಗಾಳಿಯಾಡದ ಚೀಲದಲ್ಲಿ ತುಂಬಿರಿ. ಬಿಸಿಯಿರುವಾಗಲೇ ಕಟ್ಟಿದರೆ ಒಳಗೆ ಬೆವೆತು ಬೂಸು ಹಿಡಿಯುತ್ತದೆ.

ಸಹಾಯಧನದ ಸ್ವರೂಪ

ಮಾಂಸ, ಮೀನು ಸಂಸ್ಕರಣೆ ಸೇರಿದಂತೆ ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಪ್ರಧಾನಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯನ್ನು ಆರಂಭಿಸಿತು. ಮೊದಲು 2024-25ರವರೆಗೆ ಇದ್ದ ಇದನ್ನು 2025-26ಕ್ಕೆ ವಿಸ್ತರಿಸಲಾಯಿತು. ಘಟಕದ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಕೇಂದ್ರ ಯೋಜನೆಯ ಸಹಾಯಧನ. ರಾಜ್ಯ ಸರ್ಕಾರ ಶೇಕಡಾ 15 ಸೇರಿಸಿ ಒಟ್ಟು ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜಧನಕ್ಕೂ ಅವಕಾಶವಿತ್ತು.

ಒಂದು ಲೆಕ್ಕ

ಘಟಕದ ವೆಚ್ಚ 4,00,000 ರೂ. ಎಂದುಕೊಳ್ಳೋಣ (ಜಮೀನಿನ ಬೆಲೆ ಇದರಲ್ಲಿ ಸೇರದು).

ಸ್ವಂತ ಹಣ, ಶೇಕಡಾ 10: 40,000 ರೂ.
ಬ್ಯಾಂಕ್ ಸಾಲ: 3,60,000 ರೂ.
ಸಹಾಯಧನ, ಶೇಕಡಾ 50: 2,00,000 ರೂ.
ಕೊನೆಗೆ ತೀರಿಸಬೇಕಾದ ಅಸಲು: 1,60,000 ರೂ.

ಇಲ್ಲಿ ಅನೇಕರು ಎಡವುತ್ತಾರೆ. ಈ ಎರಡು ಲಕ್ಷ ಕೈಗೆ ಬರುವ ನಗದಲ್ಲ. ಕೇಂದ್ರ ಯೋಜನೆಯ ನಿಯಮದಂತೆ ಸಹಾಯಧನ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷಗಳಾದಾಗ ಘಟಕ ನಡೆಯುತ್ತಿದ್ದು, ಸಾಲ ಸುಸ್ತಿಯಾಗದಿದ್ದರೆ ಮಾತ್ರ ಅದು ಸಾಲಕ್ಕೆ ಜಮೆಯಾಗುತ್ತದೆ. ಎರಡನೆಯ ವರ್ಷ ಘಟಕ ಮುಚ್ಚಿದರೆ ಪೂರ್ಣ ಸಾಲದ ಹೊರೆ ಮನೆಯ ಮೇಲೆಯೇ. ಆದ್ದರಿಂದ ಮಳೆಗಾಲದ ಕಂತಿಗೆ ಬೇಸಿಗೆಯ ಮಾರಾಟದಿಂದಲೇ ಹಣ ತೆಗೆದಿಡಿರಿ.

ಗಮನಿಸಬೇಕಾದ ಅಂಶಗಳು

1. ಸಾಲ ಮಂಜೂರಾಗುವ ಮುನ್ನ ಯಂತ್ರ ಕೊಳ್ಳಬೇಡಿರಿ. ಕೈಸಾಲದಿಂದ ಕೊಂಡ ಯಂತ್ರಕ್ಕೆ ಸಹಾಯಧನ ದೊರೆಯದು.

2. ಯೋಜನಾ ವರದಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ನೆರವು ಪಡೆಯಿರಿ. ಅವರ ಸಂಭಾವನೆಯನ್ನು ಯೋಜನೆಯೇ ಭರಿಸುವ ನಿಯಮವಿತ್ತು; ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ.

3. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ನೋಂದಣಿ ಮಾಡಿಸಿರಿ.

4. ಅರ್ಜಿ ಹಾಕುವಾಗ ಆ ವರ್ಷ ಜಾರಿಯಲ್ಲಿರುವ ಆದೇಶ ಮತ್ತು ದರಗಳನ್ನು ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿರಿ.

ತಾಂತ್ರಿಕ ಮಾಹಿತಿಗೆ ಮೀನುಗಾರಿಕೆ ಇಲಾಖೆಯನ್ನು ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.