ಹಾಟ್ ರಾಡ್: ಎಂಜಿನ್ನಿಗಿಂತ ಮೊದಲು ಬ್ರೇಕು
ಹಳೆಯ ಕಾರಿನ ಬೇಡದ ಭಾಗಗಳನ್ನು ಕಳಚಿ, ಎಂಜಿನ್ನಿನ ಬಲ ಹೆಚ್ಚಿಸಿ ಓಡಿಸುವ ಅಮೆರಿಕದ ಹಾಟ್ ರಾಡ್ ಹವ್ಯಾಸಕ್ಕೆ ಇಳಿಯುವ ತರುಣರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಎಂಜಿನ್ನಿಗೆ; ಹಾಕಬೇಕಾದದ್ದು ಬ್ರೇಕಿಗೆ. ಕ್ಯಾಲಿಫೋರ್ನಿಯಾದ ಒಣಸರೋವರಗಳ ಬಯಲಿನಲ್ಲಿ ಬೆಳೆದ ಈ ಕಲೆಗೆ ಅಚ್ಚುಮೆಚ್ಚಾದ 1932ರ ಫೋರ್ಡ್ ಕಾರಿನಲ್ಲಿ 65 ಅಶ್ವಶಕ್ತಿಯ ವಿ-8 ಎಂಜಿನ್ ಬಂದಿತಾದರೂ, ಪೆಡಲಿನ ಒತ್ತಡವನ್ನು ಸರಳುಗಳ ಮೂಲಕ ಚಕ್ರಕ್ಕೆ ಮುಟ್ಟಿಸುವ ಯಾಂತ್ರಿಕ ಬ್ರೇಕುಗಳಷ್ಟೇ ಇದ್ದವು. ಬ್ರೇಕ್ ಆಯಿಲ್ ಮೂಲಕ ಒತ್ತಡವನ್ನು ಹಂಚುವ ಹೈಡ್ರಾಲಿಕ್ ಬ್ರೇಕು ಫೋರ್ಡ್ ಕಾರುಗಳಿಗೆ ಬಂದದ್ದು 1939ರ ಮಾದರಿಯಲ್ಲಿ. ಆ ಬ್ರೇಕುಗಳನ್ನೇ ತಂದು ಹಳೆಯ ಚಾಸಿಗೆ, ಅಂದರೆ ಗಾಡಿಯ ತಳಚೌಕಟ್ಟಿಗೆ, ಜೋಡಿಸುತ್ತಿದ್ದ ಹಳಬರ ಪದ್ಧತಿ ಬರಿಯ ಷೋಕಿಯದಲ್ಲ. ಗಾಡಿ ಕೊಳ್ಳುವಾಗಲೂ ಬಣ್ಣದ ಹೊಳಪಿಗೆ ಮರುಳಾಗದೆ, ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ತುಕ್ಕು ಹಕ್ಕಳೆಹಕ್ಕಳೆಯಾಗಿ ಉದುರಿದರೆ ಹಿಂದೆ ಸರಿಯುವುದು ಲೇಸು. ಭಾಗಗಳನ್ನು ಜೋಡಿಸಲು ಬೇಕಾದ ವೆಲ್ಡಿಂಗನ್ನು ಗುಜರಿ ತಗಡಿನ ಮೇಲೆ ಕಲಿಯಬಹುದು. ಸ್ಟಿಯರಿಂಗಿನ ಬೆಸುಗೆಯನ್ನು ಮಾತ್ರ ನುರಿತವರಿಗೇ ಬಿಡತಕ್ಕದ್ದು.